ಸ್ವರಲಿಪಿಯ ಚಿಹ್ನೆಗಳು ಮತ್ತು ಗಣಕದ ಅಕ್ಷರಸಂಕೇತ: ಪುಣೆಯ ಕನ್ನಡ ನೆಲೆಯಿಂದ ಒಂದು ಅವಲೋಕನ

ಭಾರತೀಯ ಸಂಗೀತದ ಸ್ವರಲೇಖನ ಹಾಗೂ ಭಾರತೀಯ ಲಿಪಿಗಳ ಗಣಕೀಕರಣ, ಈ ಎರಡು ಚರಿತ್ರೆಗಳಲ್ಲೂ ಪುಣೆ ನಗರಕ್ಕೆ ಸ್ಥಾನವಿದೆ. ಪೂನಾ ಗಾಯನ ಸಮಾಜವು 1874ರಲ್ಲಿ ಇಲ್ಲಿ ಸ್ಥಾಪನೆಗೊಂಡಿತು. 1932ರಲ್ಲಿ ವಿನಾಯಕರಾವ್ ಪಟವರ್ಧನರು ಇಲ್ಲಿಯೇ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೋತ್ಸವವನ್ನು ಅವರ ಶಿಷ್ಯರಾದ ಭೀಮಸೇನ ಜೋಶಿಯವರು 1953ರಲ್ಲಿ ಇದೇ ನಗರದಲ್ಲಿ ಆರಂಭಿಸಿದರು. ಭಾರತೀಯ ಭಾಷೆಗಳ ಗಣಕೀಕರಣದಲ್ಲಿ ಪ್ರಮುಖ ಪಾತ್ರ ವಹಿಸಿದ ಸಿ-ಡ್ಯಾಕ್ ಸಂಸ್ಥೆಯೂ 1988ರಲ್ಲಿ ಇಲ್ಲಿಯೇ ನೆಲೆಗೊಂಡಿತು. ಸಂಗೀತದ ಚಿಹ್ನೆ ಗಣಕದಲ್ಲಿ ಅಕ್ಷರವಾಗಿ ಉಳಿಯಬಲ್ಲುದೇ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ಪಾಶ್ಚಾತ್ಯ ಸ್ವರಲೇಖನವು ಐದು ಗೆರೆಗಳ ಮೇಲಿನ ಸ್ವತಂತ್ರ ಚಿತ್ರವ್ಯವಸ್ಥೆ. ನಮ್ಮ ಸ್ವರಲಿಪಿಯಾದರೋ ಭಾಷೆಯ ಅಕ್ಷರಗಳನ್ನೇ ಆಶ್ರಯಿಸಿದೆ. ವಿಷ್ಣು ನಾರಾಯಣ ಭಾತಖಂಡೆಯವರ (1860-1936) ಪದ್ಧತಿಯಲ್ಲಿ ಅಕ್ಷರದ ಕೆಳಗಿನ ಅಡ್ಡಗೆರೆ ಕೋಮಲ ಸ್ವರವನ್ನೂ, ಮಧ್ಯಮದ ಮೇಲಿನ ಲಂಬಗೆರೆ ತೀವ್ರತೆಯನ್ನೂ, ಕೆಳಗಿನ ಬಿಂದು ಮಂದ್ರವನ್ನೂ, ಮೇಲಿನ ಬಿಂದು ತಾರವನ್ನೂ ಸೂಚಿಸುತ್ತವೆ. ವಿಷ್ಣು ದಿಗಂಬರ ಪಲುಸ್ಕರರ (1872-1931) ಪದ್ಧತಿಯಲ್ಲಿ ಮೇಲಿನ ಬಿಂದುವೇ ಮಂದ್ರಸೂಚಕ. ಕನ್ನಡದಲ್ಲಿ ಅಚ್ಚಾದ ಕರ್ನಾಟಕ ಸಂಗೀತದ ಪಠ್ಯಗಳು ಮತ್ತೊಂದು ದಾರಿ ಹಿಡಿದಿವೆ. ಅಲ್ಲಿ ದೀರ್ಘಾಕ್ಷರ, ಅಲ್ಪವಿರಾಮ ಹಾಗೂ ಅರ್ಧವಿರಾಮಗಳೇ ಕಾಲಪ್ರಮಾಣವನ್ನು ತೋರುತ್ತವೆ. ತಾಳದ ಅಂಗಗಳನ್ನು ದಂಡಗಳು ಬೇರ್ಪಡಿಸುತ್ತವೆ. ಸ್ವರಭೇದವನ್ನು ಬಹುಮಟ್ಟಿಗೆ ರಾಗದ ಹೆಸರೇ ನಿರ್ಧರಿಸುತ್ತದೆ. ಆದ್ದರಿಂದ ಅವು ಗಣಕಕ್ಕೆ ಸುಲಭವಾಗಿ ಒಗ್ಗುತ್ತವೆ. ಸ್ಥಾಯಿಯ ಬಿಂದು, ಕಾಲದ ಮೇಲ್ಗೆರೆಗಳಷ್ಟೇ ತೊಡಕು.

1991ರ ಇಸ್ಕಿ ಸಂಕೇತಾವಳಿಯು ಭಾರತೀಯ ಲಿಪಿಗಳಿಗೆ ಸಮಾನ ನೆಲೆಯನ್ನು ಕಲ್ಪಿಸಿತು. ಅದರ ವಿಸ್ತರಣೆಯಲ್ಲಿ ವೈದಿಕ ಸ್ವರಚಿಹ್ನೆಗಳಿಗೂ ಅವಕಾಶವಿತ್ತು. ಆದರೆ ಆ ದಶಕದ ಮುದ್ರಣವು ಹೆಚ್ಚಾಗಿ ಆಯಾ ಫಾಂಟಿನ ಖಾಸಗಿ ಸಂಕೇತಗಳನ್ನು ಅವಲಂಬಿಸಿತ್ತು. ಫಾಂಟು ಬದಲಾದರೆ ಬರೆಹವೇ ಅಳಿಯುತ್ತಿತ್ತು. ಯೂನಿಕೋಡ್ 2001ರಲ್ಲಿ ಪಾಶ್ಚಾತ್ಯ ಸಂಗೀತದ ಇನ್ನೂರಕ್ಕೂ ಹೆಚ್ಚು ಚಿಹ್ನೆಗಳಿಗೆ, 2006ರಲ್ಲಿ ಬಾಲಿ ದ್ವೀಪದ ಸಂಗೀತಚಿಹ್ನೆಗಳಿಗೆ, 2009ರಲ್ಲಿ ಸಾಮವೇದದ ಸ್ವರಾಂಕಗಳಿಗೆ ಸ್ಥಾನ ನೀಡಿತು. ಭಾತಖಂಡೆ ಪದ್ಧತಿಗೆ ಪ್ರತ್ಯೇಕ ವಿಭಾಗವಿಲ್ಲ. ಆದರೂ ಯಾವುದೇ ಲಿಪಿಯ ಅಕ್ಷರಕ್ಕೆ ಕೂಡಬಲ್ಲ ಸಾಮಾನ್ಯ ಚಿಹ್ನೆಗಳಿವೆ: ಮೇಲಿನ ಬಿಂದುವಿಗೆ 0307, ಕೆಳಗಿನ ಬಿಂದುವಿಗೆ 0323, ಅಡಿಗೆರೆಗೆ 0332.

ಈ ವ್ಯತ್ಯಾಸವು ಕೇವಲ ತಾಂತ್ರಿಕವಾದುದಲ್ಲ. ಹಿಂಜವಡಿಯ ಮಾಹಿತಿ ತಂತ್ರಜ್ಞಾನ ಕೇಂದ್ರಕ್ಕೆ ಹೊಂದಿಕೊಂಡಿರುವ ಪುಣೆಯ ವಾಕಡದಲ್ಲಿ ಕನ್ನಡ ಕುಟುಂಬವೊಂದು ದಾಸರ ಪದವನ್ನು ಹಿಂದೂಸ್ತಾನಿ ಭೈರವಿಯಲ್ಲಿ ಅಳವಡಿಸಿ ಬರೆದಿಡುತ್ತದೆಯೆಂದು ಭಾವಿಸೋಣ. ಸಾಹಿತ್ಯ ಕನ್ನಡ, ಸ್ವರಲಿಪಿ ಭಾತಖಂಡೆಯವರದು. ರೇ, ಗ, ಧ, ನಿಗಳ ಕೆಳಗೆ ಪದಸಂಸ್ಕರಣ ತಂತ್ರಾಂಶದ ಅಡಿಗೆರೆಯನ್ನು ಎಳೆದರೆ ಅದು ಅಲಂಕಾರ ಮಾತ್ರ, ಅಕ್ಷರವಲ್ಲ. ಸಂದೇಶವಾಗಿ ಬೇರೆಡೆಗೆ ಸಾಗಿದಾಗ ಗೆರೆಗಳು ಉದುರಿಹೋಗುತ್ತವೆ, ಸ್ವರಗಳೆಲ್ಲ ಶುದ್ಧವಾಗುತ್ತವೆ, ಭೈರವಿ ಥಾಟು ಬಿಲಾವಲ್ ಆಗಿಬಿಡುತ್ತದೆ. ಕಲ್ಯಾಣ ಥಾಟು ಮಧ್ಯಮದ ಲಂಬಗೆರೆಯನ್ನು ಕಳೆದುಕೊಂಡರೂ ತಲುಪುವುದು ಬಿಲಾವಲನ್ನೇ. ಹೀಗೆ ಒಂದು ಪಾಠಾಂತರವು ರಾಗಾಂತರವೇ ಆಗುತ್ತದೆ. ಹಸ್ತಪ್ರತಿಶಾಸ್ತ್ರದಲ್ಲಿ ಲಿಪಿಕಾರನ ಸ್ಖಾಲಿತ್ಯವೆಂದು ನಾವು ಕರೆಯುವುದು ಇಲ್ಲಿ ಯಂತ್ರದಿಂದಲೇ ಘಟಿಸುತ್ತದೆ. ಮೂಲವನ್ನು ಕೇಳಿರದ ಓದುಗನಿಗೆ ತಪ್ಪು ಗೋಚರಿಸುವುದೂ ಇಲ್ಲ, ಏಕೆಂದರೆ ಉಳಿದ ಸ್ವರಗಳು ತಮ್ಮಷ್ಟಕ್ಕೆ ಸುಸಂಬದ್ಧವಾಗಿಯೇ ಇರುತ್ತವೆ.

ಕೂಡುಚಿಹ್ನೆಗಳನ್ನು ಬಳಸಿದರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಫಾಂಟಿನಲ್ಲಿ ಅವುಗಳಿಗೆ ಆಧಾರವಿಲ್ಲದಾಗ ಬಿಂದು ಪಕ್ಕಕ್ಕೆ ಸರಿಯಬಹುದು. ‘ರಿ’, ‘ನಿ’ಗಳ ಗುಡಿಸಿನೊಡನೆ ಅದು ತಾಕಲೂಬಹುದು. ಆದರೆ ಕಣ್ಣಿಗೆ ಕೆಟ್ಟು ಕಂಡರೂ ಸಂಕೇತವು ಪಠ್ಯದಲ್ಲಿ ಉಳಿದಿರುತ್ತದೆ. ಸಂಕೇತವು ಕಾಪಾಡುವುದು ಬಿಂದುವನ್ನು, ಬಿಂದುವಿನ ಅರ್ಥವನ್ನಲ್ಲ ಎಂಬುದನ್ನೂ ಮರೆಯಲಾಗದು. ಮೇಲಿನ ಬಿಂದು ತಾರವೋ ಮಂದ್ರವೋ ಎಂಬುದನ್ನು ಪದ್ಧತಿಯ ಹೆಸರೇ ತಿಳಿಸಬೇಕು. ಹೊರನಾಡಿನ ಕನ್ನಡ ಸಂಗೀತಸಾಮಗ್ರಿಯನ್ನು ಸಂಗ್ರಹಿಸುವ ಸಂಶೋಧಕರು ಪ್ರತಿ ಪಠ್ಯದ ತಲೆಯಲ್ಲಿ ಪದ್ಧತಿ, ರಾಗ, ಥಾಟುಗಳನ್ನು ನಮೂದಿಸುವುದು ಆದುದರಿಂದ ಸಂಪಾದನೆಯ ಪ್ರಥಮ ನಿಯಮವಾಗಬೇಕು.