ಕೀಲು ಬೆಸೆಯುವ ಮುನ್ನ

ಕಳೆದ ಜನವರಿಯಲ್ಲಿ ಮೂಳೆ ವೈದ್ಯರು ನನ್ನ ಎಡಗಾಲಿನ ಎಕ್ಸ್-ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಮೊಣಕಾಲಿನಿಂದ ಇಳಿದು ಬರುವ ಮೂಳೆ ಪಾದದ ಮೂಳೆಯ ಮೇಲೆ ಕೂರುವ ಜಾಗವನ್ನು ಪೆನ್ನಿನ ತುದಿಯಿಂದ ತೋರಿಸಿದರು. ಎರಡರ ನಡುವೆ ಒಂದು ಕಪ್ಪು ಗೆರೆ ಕಾಣಬೇಕಿತ್ತು. ಕಾಣಲಿಲ್ಲ. 'ಮೃದ್ವಸ್ಥಿ ಪೂರ್ತಿ ಸವೆದಿದೆ. ಮೂಳೆಗೆ ಮೂಳೆ ಉಜ್ಜುತ್ತಿದೆ. ಈ ಕೀಲನ್ನು ಬೆಸೆದುಬಿಡುವುದು ಒಳ್ಳೆಯದು' ಎಂದರು. ಬೆಸೆಯುವುದೆಂದರೆ ಏನು ಎಂದು ಕೇಳಿದೆ. ಸವೆದ ಮೇಲ್ಮೈಯನ್ನು ಕೆರೆದು ತೆಗೆದು, ಎರಡು ಮೂಳೆಗಳನ್ನು ಸ್ಕ್ರೂ ಹಾಕಿ ಒತ್ತಿ ಹಿಡಿದರೆ ಅವು ಕೆಲವು ತಿಂಗಳಲ್ಲಿ ಬೆಳೆದು ಒಂದೇ ಮೂಳೆಯಾಗುತ್ತವೆ. ಕೀಲೇ ಇಲ್ಲದ ಮೇಲೆ ಕೀಲು ನೋವೂ ಇಲ್ಲ. ಆದರೆ ಆ ಜಾಗದಲ್ಲಿ ಪಾದ ಮತ್ತೆಂದೂ ಮಡಿಸುವುದಿಲ್ಲ.

ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಯೋಚಿಸುವುದಕ್ಕೆ ಕಾರಣವಿತ್ತು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ರಜೆಯ ದಿನಗಳಲ್ಲಿ ಊರೂರು ತಿರುಗಿ ಶಾಸನಗಳ ಅಚ್ಚು ತೆಗೆಯುವ ಹುಚ್ಚಿನವನು. ನಮ್ಮ ಕಡೆಯ ವೀರಗಲ್ಲುಗಳು, ದಾನಶಾಸನಗಳು ನಿಂತು ಓದುವ ಎತ್ತರದಲ್ಲಿ ಇರುವುದು ಕಡಿಮೆ. ಅರ್ಧ ಮಣ್ಣಿನಲ್ಲಿ ಹೂತಿರುತ್ತವೆ, ಇಲ್ಲವೇ ಬೇಲಿಯ ಬುಡದಲ್ಲಿ ಒರಗಿರುತ್ತವೆ. ಕಲ್ಲು ತೊಳೆದು, ಒದ್ದೆ ಕಾಗದ ಹರಡಿ, ಅಕ್ಷರದ ಕುಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮಸಿಯುಂಡೆ ಒತ್ತಿ ಮುಗಿಸುವಷ್ಟು ಹೊತ್ತೂ ಕುಕ್ಕರಗಾಲಿನಲ್ಲಿ ಕೂರಬೇಕು. ಹತ್ತೊಂಬತ್ತು ವರ್ಷದ ಹಿಂದೆ ಕಾಲು ಮುರಿದದ್ದೂ ಇದೇ ಕೆಲಸದಲ್ಲಿ. ಮಳೆ ನಿಂತ ಮಾರನೇ ದಿನ ಕೆರೆಯ ಏರಿಯ ಮೇಲೆ ಜಾರಿದೆ. ಪ್ಲೇಟು, ಸ್ಕ್ರೂ ಹಾಕಿದರು, ಮೂಳೆ ಕೂಡಿತು, ನಾನು ಮರೆತೆ. ಕೀಲು ಮರೆತಿರಲಿಲ್ಲ. ಮೊಣಕಾಲು, ಸೊಂಟಗಳ ಕೀಲುಗಳು ಹೆಚ್ಚಾಗಿ ವಯಸ್ಸಿನಿಂದ ಸವೆಯುತ್ತವೆ. ಹರಡಿನ ಕೀಲು ಹಾಗಲ್ಲ. ಅದು ಸವೆದವರಲ್ಲಿ ಹತ್ತಕ್ಕೆ ಏಳರಷ್ಟು ಜನರಿಗೆ ಮೂಲ ಕಾರಣ ಹಳೆಯ ಪೆಟ್ಟು.

ಇಂಥ ಹೊತ್ತಿನಲ್ಲಿ ಬೇರೆಯವರು ಏನು ಮಾಡುತ್ತಾರೋ ಗೊತ್ತಿಲ್ಲ. ನಾನು ಹಿಂದಕ್ಕೆ ಹೋದೆ. ಈ ಕೀಲನ್ನು ಮೊದಲು ಯಾರು ಬೆಸೆದರು, ಯಾಕೆ ಬೆಸೆದರು ಎಂದು ಹುಡುಕುತ್ತಾ ಕೂತೆ.

ಬೆಸುಗೆಗಿಂತ ಬಹಳ ಹಿಂದೆ ಸುಶ್ರುತ ಸಂಹಿತೆಯಲ್ಲಿ ಈ ಕೀಲು ಸಿಗುತ್ತದೆ. ಸುಶ್ರುತ ದೇಹದ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಬೆರಳು, ಮಣಿಕಟ್ಟು, ಮೊಣಕಾಲು, ಮೊಣಕೈಗಳ ಜೊತೆ ಹರಡನ್ನೂ, ಅಂದರೆ ಗುಲ್ಫವನ್ನೂ, ಬಾಗಿಲ ಕೀಲಿನಂತೆ ಮಡಿಸುವ ಗುಂಪಿಗೆ ಸೇರಿಸುತ್ತಾನೆ. ಮರ್ಮಗಳನ್ನು ಹೇಳುವಾಗ ಮತ್ತೆ ಗುಲ್ಫ ಬರುತ್ತದೆ. ಪೆಟ್ಟಾದರೆ ಪ್ರಾಣ ತೆಗೆಯುವ ಮರ್ಮಗಳಿವೆ, ಊನ ಮಾಡುವ ಮರ್ಮಗಳಿವೆ. ಗುಲ್ಫ ಈ ಎರಡರಲ್ಲೂ ಇಲ್ಲ. ಅದು ನೋವು ಕೊಡುವ ಮರ್ಮಗಳ ಸಣ್ಣ ಪಟ್ಟಿಯಲ್ಲಿದೆ. ಅಲ್ಲಿ ಏಟು ಬಿದ್ದರೆ ನೋವು, ಪಾದ ಸೆಡೆಯುವುದು, ಕುಂಟು, ಈ ಮೂರನ್ನು ಅವನು ಫಲವಾಗಿ ಹೇಳುತ್ತಾನೆ. ಬೆಳಗ್ಗೆ ಹಾಸಿಗೆಯಿಂದ ಇಳಿದು ಬಚ್ಚಲಿಗೆ ಹೋಗುವಷ್ಟರಲ್ಲಿ ಆ ಮೂರೂ ನನಗೆ ಅದೇ ಕ್ರಮದಲ್ಲಿ ಸಿಗುತ್ತವೆ.

ಕೀಲನ್ನು ಬೇಕೆಂದೇ ಬೆಸೆದ ಕಥೆ ಶುರುವಾಗುವುದು 1870ರ ದಶಕದ ಕೊನೆಯಲ್ಲಿ, ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ. ಮಾಡಿದವನು ಎಡುವರ್ಡ್ ಆಲ್ಬರ್ಟ್, ಮುಂದೆ ವಿಯೆನ್ನಾದಲ್ಲಿ ಹೆಸರಾಂತ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕನಾದವನು. ಬೊಹೀಮಿಯಾದ ಜಾಂಬರ್ಕ್ ಎಂಬ ಸಣ್ಣ ಊರಿನಲ್ಲಿ 1841ರಲ್ಲಿ ಹುಟ್ಟಿದ. ತಂದೆ ಗಡಿಯಾರ ರಿಪೇರಿಯವನು. ನಮ್ಮಂಥ ಓದುಗರಿಗೆ ಆಲ್ಬರ್ಟ್ ಇನ್ನೊಂದು ಕಾರಣಕ್ಕೆ ಇಷ್ಟವಾಗಬೇಕು. ಅವನು ಚೆಕ್ ಕವಿತೆಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿದವನು. ಆಳುವವರ ಭಾಷೆಯಲ್ಲಿ ದುಡಿಯುತ್ತಾ, ಮನೆಮಾತಿನ ಕವಿತೆಯನ್ನು ಆ ಭಾಷೆಯವರ ಮುಂದೆ ಇಟ್ಟು 1893ರಲ್ಲಿ ಒಂದು ಸಂಕಲನವನ್ನೇ ತಂದ.

ಆಲ್ಬರ್ಟ್‌ನ ಮುಂದೆ ಬಂದದ್ದು ನನ್ನಂತೆ ಕೀಲು ಸವೆದವರಲ್ಲ. ಲಕ್ವ ಹೊಡೆದು ಕಾಲುಗಳು ಜೋತುಬಿದ್ದಿದ್ದ ಹದಿಹರೆಯದ ಒಬ್ಬಳು ಹುಡುಗಿ. ಕೀಲುಗಳು ಸರಿಯಾಗೇ ಇದ್ದವು, ಅವನ್ನು ಹಿಡಿದು ನಿಲ್ಲಿಸುವ ಸ್ನಾಯುಗಳು ಸತ್ತಿದ್ದವು. ಸ್ನಾಯು ಹಿಡಿಯದ ಕೀಲು ಎಲ್ಲ ಕಡೆಗೂ ವಾಲುತ್ತದೆ, ಭಾರ ಹಾಕಿದರೆ ಕುಸಿಯುತ್ತದೆ. ಆಲ್ಬರ್ಟ್ ಕೀಲಿನ ಮೇಲ್ಮೈ ಕೆರೆದು ಮೂಳೆಗೆ ಮೂಳೆ ಕೂಡಿಸಲು ನೋಡಿದ. ಅದಕ್ಕೆ ಅವನು ಗ್ರೀಕಿನಿಂದ ಕೊಟ್ಟ ಹೆಸರು ಆರ್ತ್ರೋಡೆಸಿಸ್, ಅಂದರೆ ಕೀಲು ಕಟ್ಟುವುದು. ಅರಿವಳಿಕೆ ಬಂದು ಮೂವತ್ತು ವರ್ಷ ಕಳೆದಿತ್ತು. ಲಿಸ್ಟರ್ 1867ರಲ್ಲಿ ಬರೆದ ಕ್ರಿಮಿನಾಶಕ ವಿಧಾನ ಆಗಷ್ಟೇ ಯೂರೋಪಿನಲ್ಲಿ ಹಬ್ಬುತ್ತಿತ್ತು. ಅದಕ್ಕೆ ಮೊದಲು ಚೆನ್ನಾಗಿರುವ ಕೀಲನ್ನು ತೆರೆಯುವುದೆಂದರೆ ಕೀವಿಗೂ ಸಾವಿಗೂ ಬಾಗಿಲು ತೆರೆದಂತೆ. ಎಕ್ಸ್-ರೇ ಬಂದದ್ದು 1895ರಲ್ಲಿ. ಒಳಗೆ ಮೂಳೆ ಕೂಡಿತೋ ಇಲ್ಲವೋ ಎಂದು ನೋಡುವ ದಾರಿಯೂ ಆಲ್ಬರ್ಟ್‌ಗೆ ಇರಲಿಲ್ಲ.

ಇದನ್ನು ಓದಿದಾಗ ನನಗೆ ಮೊದಲ ಸಲ ಸ್ವಲ್ಪ ನಾಚಿಕೆಯಾಯಿತು. ಬೆಸುಗೆ ಎಂದರೆ ಏನನ್ನೋ ಕಳೆದುಕೊಳ್ಳುವುದು ಎಂದೇ ನಾನು ಲೆಕ್ಕ ಹಾಕುತ್ತಿದ್ದೆ. ಅದು ಹುಟ್ಟಿದ್ದು ನಿಲ್ಲಲಾರದವರನ್ನು ನಿಲ್ಲಿಸಲು. ಮುಂದೆ ಹಲವು ದಶಕ ಪೋಲಿಯೊ ಆದ ಮಕ್ಕಳಿಗೆ ಈ ಬಗೆಯ ಶಸ್ತ್ರಚಿಕಿತ್ಸೆಗಳು ನಡೆದವು. ನಮ್ಮ ದೇಶದಲ್ಲಿ ಸಹಜ (ಲಸಿಕೆಯಿಂದ ಬಂದದ್ದಲ್ಲದ) ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ನನ್ನ ಜೊತೆ ಪ್ರೈಮರಿ ಶಾಲೆಯಲ್ಲಿ ಓದಿದವರಲ್ಲಿ ಇಬ್ಬರು ಕೈಯಿಂದ ತೊಡೆ ಒತ್ತಿಕೊಂಡು ನಡೆಯುತ್ತಿದ್ದರು. ಅವರಿಗೆ ಮಡಿಸದ ಆದರೆ ಗಟ್ಟಿಯಾದ ಪಾದ ಸಿಕ್ಕಿದ್ದರೆ ಅದು ವರವೇ.

ಕಥೆಯ ಎರಡನೆಯ ಘಟ್ಟ ಇಂಗ್ಲೆಂಡಿನ ಜಾನ್ ಚಾರ್ನ್ಲಿಯದು. ಕೆರೆದ ಮೂಳೆಗಳನ್ನು ಪ್ಲಾಸ್ಟರಿನಲ್ಲಿ ಸುಮ್ಮನೆ ಕೂರಿಸಿದರೆ ಎಷ್ಟೋ ಸಲ ಅವು ಕೂಡುತ್ತಿರಲಿಲ್ಲ. ಚಾರ್ನ್ಲಿ ಕೀಲಿನ ಮೇಲೊಂದು, ಕೆಳಗೊಂದು ಉಕ್ಕಿನ ಸರಳನ್ನು ಮೂಳೆಗೆ ಅಡ್ಡಲಾಗಿ ತೂರಿಸಿ, ಹೊರಗೆ ಅವುಗಳ ತುದಿಗಳನ್ನು ಸ್ಕ್ರೂ ಇರುವ ಹಿಡಿಕೆಗಳಿಂದ ಜೋಡಿಸಿ ಬಿಗಿದ. ಒತ್ತಿ ಹಿಡಿದ ಮೂಳೆಗಳು ಬೇಗ ಬೆಸೆದುಕೊಂಡವು. ಹರಡಿನ ಕೀಲಿಗೆ ಇದನ್ನು ಮಾಡಿದ ಬಗೆಯನ್ನು 1951ರಲ್ಲಿ ಪ್ರಕಟಿಸಿದ. ಇಂದು ಸರಳು ಹೊರಗಿಲ್ಲ, ಸ್ಕ್ರೂಗಳು ಒಳಗಿರುತ್ತವೆ. ಒತ್ತುವ ತತ್ವ ಮಾತ್ರ ಅದೇ.

ಕೀಲು ನಿಲ್ಲಿಸುವುದನ್ನು ಇಷ್ಟು ಪಳಗಿಸಿದವನೇ ಮುಂದೆ ಕೀಲು ಆಡಿಸುವುದಕ್ಕೆ ಜಗತ್ಪ್ರಸಿದ್ಧನಾದ. ಇಂದಿನ ಸೊಂಟದ ಕೃತಕ ಕೀಲಿಗೆ ಬುನಾದಿ ಹಾಕಿದವನು ಇದೇ ಚಾರ್ನ್ಲಿ. ಮೊದಲು ಟೆಫ್ಲಾನ್ ಬಟ್ಟಲು ಹಾಕಿದ. ಕೆಲವೇ ವರ್ಷದಲ್ಲಿ ಅವು ಸವೆದವು, ರೋಗಿಗಳಿಗೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಟೆಫ್ಲಾನಿನ ಪುಡಿ ದೇಹಕ್ಕೆ ಏನು ಮಾಡುತ್ತದೆಂದು ತಿಳಿಯಲು ತನ್ನ ತೊಡೆಗೇ ಚುಚ್ಚಿಕೊಂಡ. 1962ರ ನವೆಂಬರಿನಲ್ಲಿ ಪಾಲಿಥೀನ್ ಬಟ್ಟಲಿಗೆ ಬದಲಾಯಿಸಿದ ಮೇಲೆ ಸೊಂಟದ ಕೀಲು ಗೆದ್ದಿತು.

ಸೊಂಟಕ್ಕೆ ಆದದ್ದು ಹರಡಿಗೆ ಯಾಕಾಗಬಾರದು ಎಂದು 1970ರಲ್ಲಿ ಫ್ರಾನ್ಸಿನಲ್ಲಿ ಕೃತಕ ಹರಡಿನ ಕೀಲು ಹಾಕಿದರು. ಸೊಂಟದ ಕೀಲನ್ನೇ ತಲೆಕೆಳಗು ಮಾಡಿದಂತಿತ್ತು ಅದು. ಬಹಳಷ್ಟು ಸಡಿಲವಾದವು. ಸೊಂಟಕ್ಕಿಂತ ಎಷ್ಟೋ ಕಿರಿದಾದ ಜಾಗದಲ್ಲಿ ಇಡೀ ಮೈಯ ಭಾರದ ಹಲವು ಪಟ್ಟು ಒತ್ತಡ ಹೊರುವ ಕೀಲು ಇದು, ಮೇಲೆ ಹೊದೆಯಲು ಮಾಂಸವೂ ಇಲ್ಲ. ವೈದ್ಯರು ಬೆಸುಗೆಗೇ ಮರಳಿದರು. ಆಮೇಲಿನ ಕೃತಕ ಕೀಲುಗಳು ಎಷ್ಟೋ ಸುಧಾರಿಸಿವೆ. ಬ್ರಿಟನ್ನಿನಲ್ಲಿ 50ರಿಂದ 85 ವರ್ಷದ 303 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೃತಕ ಕೀಲು, ಇನ್ನೊಂದಕ್ಕೆ ಬೆಸುಗೆ ಎಂದು ಹಂಚಿ ನೋಡಿದ ಅಧ್ಯಯನ 2022ರಲ್ಲಿ ಬಂತು. ಒಂದು ವರ್ಷದ ನಂತರ ನಡೆಯುವುದು, ನಿಲ್ಲುವುದು ಎರಡು ಗುಂಪಿನಲ್ಲೂ ಚೆನ್ನಾಗಿ ಸುಧಾರಿಸಿತ್ತು. ಇದೇ ಮೇಲು ಎಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಕೃತಕ ಕೀಲಿನವರಲ್ಲಿ ಗಾಯ ಮಾಯದ ತೊಂದರೆ ಹೆಚ್ಚು, ಬೆಸುಗೆಯವರಲ್ಲಿ ಕೆಲವರಿಗೆ ಮೂಳೆ ಕೂಡಲೇ ಇಲ್ಲ.

ಬೆಸುಗೆಗೂ ಬೆಲೆಯಿದೆ. ಕೀಲು ಬೆಸೆದು ಸರಾಸರಿ 22 ವರ್ಷ ಕಳೆದ 23 ಜನರನ್ನು ಪರೀಕ್ಷಿಸಿದ ಅಮೆರಿಕದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಹೆಚ್ಚಿನವರಿಗೆ ಅದೇ ಪಾದದ ಇತರ ಕೀಲುಗಳು ಸವೆದಿದ್ದವು. ಒಂದು ಕೀಲು ನಿಂತರೆ ಅದರ ಕೆಲಸ ಅಕ್ಕಪಕ್ಕದವು ಹೊರಬೇಕು. ನನಗೀಗ ಐವತ್ತೇಳು. ಆ ಲೆಕ್ಕ ನನ್ನ ಎಂಬತ್ತರ ಹತ್ತಿರಕ್ಕೆ ಬರುತ್ತದೆ.

ಇಷ್ಟೆಲ್ಲ ಓದಿದರೂ ನನ್ನ ಪ್ರಶ್ನೆಗೆ ಉತ್ತರ ಇರಲಿಲ್ಲ. ಬ್ರಿಟನ್ನಿನ ಅಧ್ಯಯನದಲ್ಲಿ ರೋಗಿಗಳಿಗೆ ಕೊಟ್ಟ ಪ್ರಶ್ನೆಪಟ್ಟಿ ದೂರ ನಡೆಯುವುದು, ಒರಟು ನೆಲ, ಹೊತ್ತುಗಟ್ಟಲೆ ನಿಲ್ಲುವುದು ಎಲ್ಲವನ್ನೂ ಕೇಳುತ್ತದೆ. ಕುಕ್ಕರಗಾಲಿನಲ್ಲಿ ಕೂರಬಲ್ಲಿರಾ ಎಂದು ಕೇಳುವುದಿಲ್ಲ. ಕುರ್ಚಿಯ ಮೇಲೆ ಬದುಕುವ ಜನರ ಪ್ರಶ್ನೆಗಳವು.

ನೆಲದ ಮೇಲೆ ಬದುಕುವವರ ಹರಡೇ ಬೇರೆ ಎಂದು ನೂರು ವರ್ಷಕ್ಕೂ ಹಿಂದೆ ಒಬ್ಬ ಗಮನಿಸಿದ್ದ. ಲಾಹೋರಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ 1893ರಲ್ಲಿ ಪಂಜಾಬಿಗಳ ಕಾಲಿನ ಮೂಳೆಗಳ ಬಗ್ಗೆ ಒಂದು ಲೇಖನ ಬರೆದ. ಕುಕ್ಕರಗಾಲಿನಲ್ಲಿ ಕೂರುವವರ ಹರಡಿನ ಮುಂಭಾಗದಲ್ಲಿ, ಎರಡು ಮೂಳೆ ಒಂದಕ್ಕೊಂದು ತಾಗುವೆಡೆ ಯೂರೋಪಿನವರಲ್ಲಿ ಸಾಮಾನ್ಯವಾಗಿ ಕಾಣದ ನುಣುಪಾದ ಸಣ್ಣ ಗುರುತುಗಳಿದ್ದವು. ಇಂದೂ ಉತ್ಖನನದಲ್ಲಿ ಸಿಕ್ಕ ಅಸ್ಥಿಗಳಲ್ಲಿ ಆ ಗುರುತು ನೋಡಿ, ಇವರು ಹೇಗೆ ಕೂರುತ್ತಿದ್ದರು ಎಂದು ಹೇಳುತ್ತಾರೆ. ಕಲ್ಲಿನ ಮೇಲಿನ ಬರಹ ಓದುವ ನಾನು ಮೂಳೆಯ ಮೇಲೂ ಬರಹವಿರುತ್ತದೆಂದು ಯೋಚಿಸಿರಲಿಲ್ಲ.

1968ರ ಜೈಪುರ ಪಾದವೂ ಇದೇ ತಿಳಿವಳಿಕೆಯಿಂದ ಹುಟ್ಟಿತು. ಆಗ ಸಿಗುತ್ತಿದ್ದ ವಿದೇಶಿ ಮಾದರಿಯ ಕೃತಕ ಪಾದದ ಹರಡು ಗಟ್ಟಿ. ಷೂ ಇಲ್ಲದೆ ನಡೆಯುವಂತಿಲ್ಲ, ನೆಲದ ಮೇಲೆ ಕೂರುವಂತಿಲ್ಲ, ಗದ್ದೆಗೆ ಇಳಿಯುವಂತಿಲ್ಲ. ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ರಬ್ಬರಿನಿಂದ ಮಾಡಿದ ಪಾದ ಮಡಿಸುತ್ತಿತ್ತು, ಬರಿಗಾಲಿನಲ್ಲೂ ನಡೆಯುತ್ತಿತ್ತು. ಕಾಲು ಕಳೆದುಕೊಂಡವರಿಗೇ ಮಡಿಸುವ ಹರಡು ಬೇಕೆಂದು ಇಷ್ಟು ಶ್ರಮಪಟ್ಟಿರುವಾಗ, ಇರುವ ಹರಡನ್ನು ನಾನಾಗಿಯೇ ಗಟ್ಟಿ ಮಾಡಿಸಿಕೊಳ್ಳುವುದೇ?

ಈ ವಾದವನ್ನು ಹೊತ್ತುಕೊಂಡೇ ವೈದ್ಯರ ಬಳಿಗೆ ಮತ್ತೆ ಹೋದೆ. ಅವರು ಪೂರ್ತಿ ಕೇಳಿ, ಮಂಚದ ಮೇಲೆ ಮಲಗಿಸಿ, ಪಾದವನ್ನು ಮೇಲಕ್ಕೊತ್ತಿ ಅಳತೆಪಟ್ಟಿ ಇಟ್ಟರು. ಐದು ಡಿಗ್ರಿ. 'ಕೊನೆಯ ಸಲ ಕುಕ್ಕರಗಾಲಿನಲ್ಲಿ ಕೂತದ್ದು ಯಾವಾಗ?' ಎಂದು ಕೇಳಿದರು. ಬಾಯಿ ತೆರೆದೆ, ಉತ್ತರ ಬರಲಿಲ್ಲ. ಲೆಕ್ಕ ಹಾಕಿದರೆ ಆರು ವರ್ಷವಾಗಿತ್ತು. ಆರು ವರ್ಷದಿಂದ ಕಾಗದ ಹರಡುತ್ತಿರುವುದು, ಬಡಿಯುತ್ತಿರುವುದು ನನ್ನ ವಿದ್ಯಾರ್ಥಿಗಳು. ನಾನು ಪಕ್ಕದಲ್ಲಿ ನಿಂತು, ಒಂದೇ ಕಾಲಿಗೆ ಭಾರ ಹಾಕಿ, ತಪ್ಪು ತೋರಿಸುತ್ತಿದ್ದೆ. ಉಳಿಸಿಕೊಳ್ಳಬೇಕೆಂದು ನಾನು ಜಗಳವಾಡುತ್ತಿದ್ದ ಚಲನೆ ನನ್ನಲ್ಲಿ ಇರಲೇ ಇಲ್ಲ. ಕೃತಕ ಕೀಲು ಹಾಕಿಸಿಕೊಂಡರೂ ಅಷ್ಟು ಆಳಕ್ಕೆ ಮಡಿಸುವ ಭರವಸೆ ಕೊಡಲಾರೆ ಎಂದರು.

ಬೆಸೆದರೆ ಹೇಗಿರುತ್ತದೆಂದು ತಿಳಿಯಲು ಆರು ವಾರ ಗಟ್ಟಿ ಪಟ್ಟಿ ಹಾಕಿಕೊಂಡು ಓಡಾಡಿ ಎಂದರು. ಹಾಕಿಕೊಂಡೆ. ಮೆಟ್ಟಿಲು ಇಳಿಯುವಾಗ ತಡವರಿಸಿದೆ, ಇಳಿಜಾರಿನಲ್ಲಿ ಪಕ್ಕಕ್ಕೆ ತಿರುಗಿ ನಡೆದೆ. ಆದರೆ ಮೂರನೆಯ ವಾರ ಒಂದು ಸಂಜೆ ಮನೆಯಿಂದ ಮಾರುಕಟ್ಟೆಗೆ ಹೋಗಿ ಬಂದು, ತರಕಾರಿ ಚೀಲ ಇಳಿಸಿದ ಮೇಲೆ ಹೆಂಡತಿ ಕೇಳಿದಳು: 'ಆಟೋದಲ್ಲಿ ಬಂದಿರಾ?' ನಡೆದುಕೊಂಡೇ ಬಂದಿದ್ದೆ. ನಡುವೆ ಎಲ್ಲೂ ನಿಂತಿರಲಿಲ್ಲ.

ಐದನೆಯ ವಾರ ವಿದ್ಯಾರ್ಥಿಗಳ ಜೊತೆ ಒಂದು ವೀರಗಲ್ಲಿನ ಬಳಿ ಹೋದೆ. ಬಡಗಿಯಿಂದ ಒಂದು ಗೇಣೆತ್ತರದ ಮಣೆ ಮಾಡಿಸಿದ್ದೆ. ಅದರ ಮೇಲೆ ಕೂತು ಎಡಗಾಲನ್ನು ಮುಂದಕ್ಕೆ ಚಾಚಿ ಬ್ರಷ್ಷು ಹಿಡಿದೆ. ಕೈ ಮೇಲಿನ ಸಾಲುಗಳಿಗೆ ಎಟುಕಿತು. ಕೆಳಗಿನ ಎರಡು ಸಾಲಿಗೆ ಎಟುಕಲಿಲ್ಲ. ಅದನ್ನು ಒಬ್ಬಳು ಹುಡುಗಿ ಮಾಡಿದಳು, ಚೆನ್ನಾಗಿಯೇ ಮಾಡಿದಳು.

ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ದಿನ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: 'ಮನೆಯಲ್ಲಿ ಬರಿಗಾಲಿನಲ್ಲಿ ನಡೆಯುತ್ತೀರಲ್ಲವೇ?' ಒಂದು ಕಾಲಕ್ಕೆ ಎತ್ತರದ ಹಿಮ್ಮಡಿಯ ಷೂ ಹಾಕುವವರಿಗೆಂದು ಪಾದವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಬೆಸೆಯುತ್ತಿದ್ದದ್ದೂ ಉಂಟು. ಈಗ ನೆಟ್ಟಗೆ, ತೊಂಬತ್ತು ಡಿಗ್ರಿಗೆ ಬೆಸೆಯುತ್ತಾರೆ. ಹೌದು, ಬರಿಗಾಲಿನಲ್ಲೇ ಎಂದೆ. ಶ್ರಾವಣ ಕಳೆದ ಮೇಲೆ ದಿನ ಗೊತ್ತಾಗಿದೆ. ಆರು ವಾರ ಕಾಲು ಊರುವಂತಿಲ್ಲ, ಮೂಳೆ ಕೂಡಲು ಮೂರು ತಿಂಗಳಾದರೂ ಬೇಕು. ಆ ಹೊತ್ತಿಗೆ ಹೊಲಗಳು ಒಣಗಿ ಕಲ್ಲುಗಳ ಬಳಿಗೆ ದಾರಿಯಾಗಿರುತ್ತದೆ. ಮಣೆಯ ಕಾಲನ್ನು ಇನ್ನೆರಡು ಅಂಗುಲ ಕೊಯ್ಯಲು ಬಡಗಿಗೆ ಹೇಳಿದ್ದೇನೆ.