ಹೆಸರಿಗೆ ಸಾಕ್ಷಿ ಕೇಳದಿದ್ದ ಕಾಲ

ಸ್ವಂತ ದೇಶದೊಳಗೆ ಒಂದು ಊರಿನಿಂದ ಇನ್ನೊಂದು ಊರಿಗೆ ವಿಮಾನದಲ್ಲಿ ಹೋಗುವವರು ತಾವು ಯಾರೆಂದು ಏಕೆ ರುಜುವಾತುಪಡಿಸಬೇಕು? ನಿಲ್ದಾಣದ ಬಾಗಿಲಲ್ಲೇ ಟಿಕೆಟ್ಟಿನ ಜೊತೆ ಗುರುತಿನ ಚೀಟಿ ತೋರಿಸಿ ಅಭ್ಯಾಸವಾಗಿರುವ ನಮಗೆ ಈ ಪ್ರಶ್ನೆಯೇ ವಿಚಿತ್ರವೆನಿಸಬಹುದು. ಆದರೆ ಅಮೆರಿಕದಲ್ಲಿ ಇದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಅಲ್ಲಿ ಈ ನಿಯಮದ ಇತಿಹಾಸ ಬಹಳ ಹಳೆಯದೇನಲ್ಲ.

1971ರ ನವೆಂಬರ್ 24ರಂದು ಪೋರ್ಟ್‌ಲ್ಯಾಂಡ್ ನಿಲ್ದಾಣಕ್ಕೆ ಬಂದ ವ್ಯಕ್ತಿಯೊಬ್ಬ ನಗದು ಕೊಟ್ಟು ಸಿಯಾಟಲ್‌ಗೆ ಟಿಕೆಟ್ ಕೊಂಡ. ಹೆಸರು ‘ಡಾನ್ ಕೂಪರ್’ ಎಂದ. ಪುರಾವೆಯನ್ನು ಯಾರೂ ಕೇಳಲಿಲ್ಲ. ವಿಮಾನ ಹೊರಟ ಮೇಲೆ, ತನ್ನ ಪೆಟ್ಟಿಗೆಯಲ್ಲಿ ಬಾಂಬ್ ಇದೆಯೆಂದು ಬೆದರಿಸಿ 2 ಲಕ್ಷ ಡಾಲರ್ ಪಡೆದ. ಅದೇ ರಾತ್ರಿ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿದ ಆತ ಮತ್ತೆ ಸಿಗಲಿಲ್ಲ. 2016ರಲ್ಲಿ ಎಫ್.ಬಿ.ಐ. ಹುಡುಕಾಟ ನಿಲ್ಲಿಸಿತು. ಆತನ ನಿಜವಾದ ಹೆಸರು ಇಂದಿಗೂ ತಿಳಿದಿಲ್ಲ.

ಆಗ ಅಲ್ಲಿ ವಿಮಾನಾಪಹರಣ ಒಂದು ಪಿಡುಗಾಗಿತ್ತು. ಕೊನೆಗೆ 1973ರ ಜನವರಿ 5ರಿಂದ ಎಲ್ಲ ಪ್ರಯಾಣಿಕರ ಮತ್ತು ಅವರ ಕೈಚೀಲಗಳ ತಪಾಸಣೆ ಕಡ್ಡಾಯವಾಯಿತು. ಅಪಹರಣಗಳು ಗಣನೀಯವಾಗಿ ಇಳಿದವು. ಆದರೆ ಆ ತಪಾಸಣೆ ಹುಡುಕಿದ್ದು ಪ್ರಯಾಣಿಕನ ಬಳಿ ಏನಿದೆ ಎಂಬುದನ್ನೇ ಹೊರತು ಆತ ಯಾರು ಎಂಬುದನ್ನಲ್ಲ. ಹೀಗಾಗಿ ಮರುಪ್ರಯಾಣದ ಟಿಕೆಟ್ ಬೇಡವಾದವರು ಪತ್ರಿಕೆಗಳ ವರ್ಗೀಕೃತ ಜಾಹೀರಾತಿನ ಮೂಲಕ ಅದನ್ನು ಮಾರುತ್ತಿದ್ದರು. ಕೊಂಡವರು ಮಾರಿದವರ ಹೆಸರಿನಲ್ಲೇ ಹಾರುತ್ತಿದ್ದರು.

ಈ ಸಡಿಲಿಕೆ 1990ರ ದಶಕದ ನಡುವೆ ಮುಗಿಯಿತು. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೊರಟ ಟಿ.ಡಬ್ಲ್ಯು.ಎ. ವಿಮಾನ ಸಮುದ್ರದ ಮೇಲೆ ಸಿಡಿದು 230 ಮಂದಿ ಸತ್ತರು. ಬಾಂಬಿನ ಶಂಕೆ ಹಬ್ಬಿತು. ಎಂಟೇ ದಿನಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಹೊಸ ಭದ್ರತಾ ಕ್ರಮಗಳನ್ನು ಪ್ರಕಟಿಸಿದರು. ಭಾವಚಿತ್ರವಿರುವ ಗುರುತಿನ ಚೀಟಿ ಕೇಳುವ ಪದ್ಧತಿ ಬೇರೂರಿದ್ದು ಈ ಭಯದ ದಿನಗಳಲ್ಲಿ. ಟಿಕೆಟ್ಟಿನ ಮರುಮಾರಾಟ ನಿಂತದ್ದು ವಿಮಾನ ಸಂಸ್ಥೆಗಳಿಗೆ ಲಾಭವೇ ಆಯಿತು. ನಾಲ್ಕು ವರ್ಷಗಳ ತನಿಖೆಯ ನಂತರ, 2000ದಲ್ಲಿ ಹೊರಬಿದ್ದ ತೀರ್ಮಾನ ಬೇರೆಯೇ ಆಗಿತ್ತು. ಸ್ಫೋಟಕ್ಕೆ ಕಾರಣ ಬಾಂಬ್ ಅಲ್ಲ, ಇಂಧನ ಟ್ಯಾಂಕಿನಲ್ಲಿ ತುಂಬಿದ್ದ ಆವಿ. ಅಷ್ಟರಲ್ಲಿ ಚೀಟಿ ರೂಢಿಯಾಗಿಬಿಟ್ಟಿತ್ತು.

2001ರ ಸೆಪ್ಟೆಂಬರ್ 11ರ ದಾಳಿ ಈ ರೂಢಿಯ ಮಿತಿಯನ್ನು ತೋರಿಸಿತು. 19 ಅಪಹರಣಕಾರರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಅಮೆರಿಕದ ಒಂದಲ್ಲ ಒಂದು ಗುರುತಿನ ಚೀಟಿ ಸಂಪಾದಿಸಿದ್ದರೆಂದು ತನಿಖಾ ಆಯೋಗ ಹೇಳಿತು. ಕೆಲವನ್ನು ಪಡೆದದ್ದು ಮೋಸದಿಂದ.

ಮರುವರ್ಷ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಜಾನ್ ಗಿಲ್ಮೋರ್ ಎಂಬುವರು ಚೀಟಿ ತೋರಿಸಲು ನಿರಾಕರಿಸಿ ವಿಮಾನವೇರಲಾಗದೆ ಹಿಂತಿರುಗಿದರು. ನಂತರ ಮೊಕದ್ದಮೆ ಹೂಡಿದರು. ಯಾವ ನಿಯಮದಡಿ ಚೀಟಿ ಕೇಳಲಾಗುತ್ತಿದೆಯೋ ಆ ನಿಯಮವೇ ರಹಸ್ಯವೆಂದು ಸರ್ಕಾರ ವಾದಿಸಿತು. ನ್ಯಾಯಾಧೀಶರು ಅದನ್ನು ಖಾಸಗಿಯಾಗಿ ಓದಬೇಕಾಯಿತು. ಚೀಟಿ ತೋರಿಸದವರು ಹೆಚ್ಚಿನ ತಪಾಸಣೆಗೆ ಒಳಪಟ್ಟು ಹಾರಬಹುದು, ಆದ್ದರಿಂದ ಹಕ್ಕಿಗೆ ಚ್ಯುತಿಯಿಲ್ಲ ಎಂದು 2006ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು.

ಚೀಟಿಯೇ ನಂಬಿಕೆಗೆ ಅರ್ಹವಾಗಿರಬೇಕೆಂದು 2005ರಲ್ಲಿ ‘ರಿಯಲ್ ಐಡಿ’ ಕಾಯ್ದೆ ಬಂದಿತ್ತು. ಅಲ್ಲಿ ಎಲ್ಲರಿಗೂ ಒಂದೇ ರಾಷ್ಟ್ರೀಯ ಗುರುತಿನ ಚೀಟಿ ಇಲ್ಲ. ರಾಜ್ಯಗಳು ಕೊಡುವ ಚಾಲನಾ ಪರವಾನಗಿಯೇ ಆಧಾರ. ಪರವಾನಗಿಗೆ ಕೇಂದ್ರ ಸರ್ಕಾರ ವಿಧಿಸಿದ ಮಾನದಂಡವನ್ನು ಹಲವು ರಾಜ್ಯಗಳು ವಿರೋಧಿಸಿದವು. ಗಡುವು ಮತ್ತೆ ಮತ್ತೆ ಮುಂದೆ ಹೋಗಿ, ವಿಮಾನ ನಿಲ್ದಾಣಗಳಲ್ಲಿ ಅದು ಜಾರಿಗೆ ಬಂದದ್ದು 2025ರ ಮೇ 7ರಂದು.

ನಮ್ಮಲ್ಲಿ ಪ್ರಶ್ನೆ ಇನ್ನೊಂದು ರೂಪ ತಾಳುತ್ತಿದೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರು, ದೆಹಲಿ, ವಾರಾಣಸಿಗಳಲ್ಲಿ ಆರಂಭವಾದ ‘ಡಿಜಿ ಯಾತ್ರಾ’ ವ್ಯವಸ್ಥೆಯನ್ನು ಒಪ್ಪಿದವರಿಗೆ ಮುಖವೇ ಚೀಟಿ. ಸರತಿ ಬೇಗ ಸಾಗುತ್ತದೆ ನಿಜ. ಆದರೆ ಮುಖ ಹೆಸರನ್ನು ಸಾಬೀತು ಮಾಡಬಲ್ಲದೇ ಹೊರತು ಮನಸ್ಸಿನಲ್ಲಿರುವುದನ್ನಲ್ಲ. ಕೂಪರನಂಥವರಿಗೆ ಅಡ್ಡ ನಿಂತದ್ದು ಕೈಚೀಲದ ತಪಾಸಣೆ. ಸುರಕ್ಷತೆಗೆಂದು ಜನರಿಂದ ಹೊಸದೇನನ್ನಾದರೂ ಕೇಳುವಾಗ ಈ ವ್ಯತ್ಯಾಸ ನೆನಪಿನಲ್ಲಿರುವುದು ಒಳ್ಳೆಯದು.