ಹುಲಿಗೆ ಕಟ್ಟಿದ ಬೆಲೆ

ಬನ್ನೂರಿನವನಾದ ನಾನು ಹುಲಿಯ ಚರಿತ್ರೆಯನ್ನು ಹೇಳಹೊರಟರೆ ಕೇಳುಗರಿಗೆ ಸೋಜಿಗವಾಗಬಹುದು. ಕಾವೇರಿಯ ನೀರುಂಡು ಭತ್ತ, ಕಬ್ಬು ಬೆಳೆಯುವ ಊರು ನಮ್ಮದು. ಹುಲಿಯ ಕಾಡು ಇಲ್ಲಿಲ್ಲ. ಆದರೆ ಇಲ್ಲಿಂದ ಕೊಳ್ಳೇಗಾಲದ ದಾರಿ ಹಿಡಿದು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆಯುವ ಭಕ್ತರೆಲ್ಲ ಬಲ್ಲರು, ಮಾದಪ್ಪನ ವಾಹನ ಹುಲಿ. ಆ ಬೆಟ್ಟದ ಕಾಡಿನಲ್ಲಿಯೇ 2025ರ ಜೂನ್ ತಿಂಗಳಿನಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು.

ಇದನ್ನು ಒಬ್ಬಿಬ್ಬರ ಕ್ರೌರ್ಯವೆಂದು ಹೇಳಿ ಮುಗಿಸುವಂತಿಲ್ಲ. ಇದರ ಹಿಂದೆ ದೀರ್ಘವಾದ ಚರಿತ್ರೆಯಿದೆ. 19ನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿಯೂ ಬ್ರಿಟಿಷ್ ಪ್ರಾಂತಗಳಲ್ಲಿಯೂ ಹುಲಿಯನ್ನು ಕೊಂದವನಿಗೆ ಸರ್ಕಾರವೇ ಬಹುಮಾನ ಕೊಡುತ್ತಿತ್ತು. ಮೈಸೂರಿನ ನಾಲೆಗಳ ಉಸ್ತುವಾರಿ ನೋಡುತ್ತಿದ್ದು, ಮುಂದೆ ಖೆಡ್ಡಾದಿಂದ ಹೆಸರಾದ ಸ್ಯಾಂಡರ್ಸನ್ ಎಂಬ ಅಧಿಕಾರಿ ಸ್ವತಃ ಬೇಟೆಗಾರ. ಆದರೂ 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಹುಲಿಯ ಪಕ್ಷ ವಹಿಸಿದ. ರೈತನ ಪೈರನ್ನು ಮೇಯುವ ಜಿಂಕೆ, ಹಂದಿಗಳನ್ನು ಹತೋಟಿಯಲ್ಲಿಡುವ ಪ್ರಾಣಿಯನ್ನು ಸಿಕ್ಕ ಸಿಕ್ಕ ಉಪಾಯದಿಂದ ನಿರ್ಮೂಲ ಮಾಡುವುದು ತರವಲ್ಲವೆಂಬುದು ಅವನ ವಾದ.

ಆ ವಾದವನ್ನು ಆಳುವವರು ಒಪ್ಪಲು ಸುಮಾರು ನೂರು ವರ್ಷ ಹಿಡಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1973ರಲ್ಲಿ, ಮೈಸೂರು ಅರಸರ ಬೇಟೆಯ ನೆಲೆಯಾಗಿದ್ದ ಬಂಡೀಪುರವು ಹುಲಿ ಯೋಜನೆಯ ಮೊದಲ ಒಂಬತ್ತು ರಕ್ಷಿತಾರಣ್ಯಗಳಲ್ಲಿ ಒಂದಾಯಿತು. 2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿದ್ದ ಹುಲಿಗಳು 563. ಹುಲಿಯ ಮೇಲಿನ ಬಹುಮಾನ ಹೋಯಿತು, ಅರಸರ ಬೇಟೆ ನಿಂತಿತು. ಕಾಡಂಚಿನ ಬಡವನ ಕೊಟ್ಟಿಗೆಯ ನಷ್ಟ ಮಾತ್ರ ಹಾಗೆಯೇ ಉಳಿಯಿತು.

ಊರವರ ಸಂಕಟವನ್ನು ಅರಿಯದೆ ನಾನು ಈ ಮಾತನ್ನಾಡುತ್ತಿಲ್ಲ. ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿಯೇ 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ನಾಲ್ವರು ಚಿರತೆಯ ಬಾಯಿಗೆ ತುತ್ತಾದರು. ಹೊತ್ತು ಮುಳುಗಿದ ಮೇಲೆ ಕಬ್ಬಿನ ಗದ್ದೆಯ ಕಡೆ ಹೆಜ್ಜೆಯಿಡಲು ಜನ ಅಂಜಿದ ದಿನಗಳವು. ಅಂತಹ ಭಯದ ಜೊತೆಗೆ ಮನೆಯ ಹಾಲೂ ಹೋದಾಗ ಕಾಯಿದೆಯ ನೆನಪು ಎಷ್ಟು ಜನಕ್ಕೆ ಉಳಿದೀತು? ಸರ್ಕಾರದ ಪರಿಹಾರವುಂಟು, ನಿಜ. ಆದರೆ ಅರ್ಜಿ, ಪಂಚನಾಮೆಗಳ ನಡುವೆ ಅದು ತಡವಾದಷ್ಟೂ ಪೈರಿಗೆಂದು ತಂದ ವಿಷದ ಡಬ್ಬಿಯ ಕಡೆಗೆ ಕೈ ಹೋಗುತ್ತದೆ. ಕೋವಿಯಾದರೆ ಸದ್ದು ಮಾಡುತ್ತದೆ. ವಿಷಕ್ಕೆ ಸದ್ದಿಲ್ಲ, ತಾಯಿ, ಮರಿಯೆಂಬ ಭೇದವೂ ಇಲ್ಲ.

ಅಂದು ಬೊಕ್ಕಸದಿಂದ ಹುಲಿಯ ತಲೆಗೆ ಬೆಲೆ ಕೊಟ್ಟರು. ಇಂದು ಅದೇ ಬೊಕ್ಕಸದಿಂದ, ಹುಲಿ ಹಿಡಿದ ಹಸುವಿನ ಬೆಲೆಯು ಕಳೇಬರ ಕೊಳೆಯುವ ಮೊದಲೇ ಒಡೆಯನ ಕೈ ಸೇರಬೇಕು.